ಭಂಗಾರಕ್ಕೆ ಹೊರಟ ಬಂಗಾರ! ಹಿತ್ತಲ ಫಟಫಟಿಗೆ ಮರುಜನ್ಮ ಉಂಟೇ?

ಘಾಟಬೋರಾಳ: ಹಳೇ ಕಬ್ಬಿಣ, ತಗಡು, ಡಬ್ಬಿ, ಬಾಟ್ಲಿ ಕೊಳ್ಳುವವನ ಕೂಗು ಹುಮನಾಬಾದ ತಾಲ್ಲೂಕಿನ ಹಳ್ಳಿಗಳಿಗೆ ಹೊಸದಲ್ಲ. ಆತ ಕೂಗುವುದು ‘ಭಂಗಾರ್’ ಅಂತ. ಕನ್ನಡದ ಕಿವಿಗೆ ಅದು ‘ಬಂಗಾರ’ ಅಂತಲೇ ಕೇಳಿಸೀತು. ನಡುವೆ ಇರುವುದು ಒಂದೇ ಒಂದು ಉಸಿರಿನ ಫರಕು. ಈ ಒಂದು ಉಸಿರಿನ ಫರಕಿನಲ್ಲೇ ನಮ್ಮ ಭಾಗದ ಎಷ್ಟೋ ಹಳೆಯ ಮೋಟಾರು ಸೈಕಲ್ಲುಗಳು ತಕ್ಕಡಿ ಏರಿ ಹೋಗಿವೆ. ಜಾವಾ ಹೋಯಿತು, ಯೆಜ್ಡಿ ಹೋಯಿತು, ರಾಜದೂತ ಹೋಯಿತು. ಉಳಿದದ್ದು ಎಲ್ಲಾದರೂ ದನದ ಕೊಟ್ಟಿಗೆಯ ಮೂಲೆಯಲ್ಲಿ, ತೊಗರಿ ಕಟ್ಟಿಗೆಯ ರಾಶಿಯ ಹಿಂದೆ, ಗೋಣಿತಟ್ಟು ಹೊದ್ದುಕೊಂಡು, ಕೋಳಿಗೆ ಗೂಡಾಗಿ ನಿಂತಿದೆ.

ಅದು ಹಾಗೇ ನಿಂತಿರಲಿ ಅನ್ನುವಂತೆಯೂ ಇಲ್ಲ. ಮನೆ ಪಾಲಾಗುವಾಗ, ಕೊಟ್ಟಿಗೆ ಕೆಡವಿ ಸ್ಲ್ಯಾಬು ಹಾಕುವಾಗ, ಮಗಳ ಮದುವೆಗೆ ಮನೆ ಬಳಿಯುವಾಗ ಮೊದಲು ಕಣ್ಣಿಗೆ ಬೀಳುವುದೇ ಆ ಫಟಫಟಿ. “ಇದರಾಗ ಏನದ, ಬರೇ ಕಬ್ಬಿಣ ಅದ” ಅಂತ ಒಬ್ಬರು ಅಂದರೆ ಸಾಕು, ಮರುದಿನ ತಕ್ಕಡಿ ಬಾಗಿಲಿಗೆ ಬಂತೆಂದೇ ಲೆಕ್ಕ. 120-140 ಕೆ.ಜಿ. ತೂಕದ ಗಾಡಿ. ಅದರಲ್ಲಿ ರಬ್ಬರು, ಸೀಟು, ಕೆಸರು ಕಳೆದು ಉಳಿದದ್ದಕ್ಕೆ ಕಬ್ಬಿಣದ ದರ. ಅದೇ ಗಾಡಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬಣ್ಣ ಬಳಿದುಕೊಂಡು ಸಂತೆಗೆ ನಿಂತರೆ ಹೊಸ ಗಾಡಿಯ ಜೋಡಿ ಜಿದ್ದಿಗೆ ಬೀಳುತ್ತದೆ ಅನ್ನುವುದು ತೂಕಕ್ಕೆ ಹಾಕಿದವರಿಗೆ ಆಮೇಲೆ ಗೊತ್ತಾಗುವ ಸಂಗತಿ. ಅಷ್ಟರಲ್ಲಿ ಚಾಸಿಯನ್ನು ಗ್ಯಾಸಿನಿಂದ ಎರಡು ತುಂಡು ಮಾಡಿರುತ್ತಾರೆ.

ಹಾಗಾದರೆ ಮನೆಯ ಹಿತ್ತಲಲ್ಲೇ ಇದನ್ನು ಎಬ್ಬಿಸಿ ನಿಲ್ಲಿಸಲು ಬರುತ್ತದೆಯೇ? ಬರುತ್ತದೆ. ಎಲ್ಲವೂ ಅಲ್ಲ, ಆದರೆ ಮುಕ್ಕಾಲು ಪಾಲು ಕೆಲಸ ಹಿತ್ತಲದ್ದೇ. ಉಳಿದ ಕಾಲು ಪಾಲಿಗೆ ಲೇಥು, ಪ್ರೆಸ್ಸು ಬೇಕು. ಆ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ, ಅದು ಪಾನಾ ಹಿಡಿಯುವ ಕೆಲಸವಲ್ಲ. ಅದಕ್ಕೆ ಬರುವಾ.

ಮೈಸೂರಿನ ಕೂಸು

ಜಾವಾ ಅಂದಕೂಡಲೇ ಜಾವಾ ದ್ವೀಪದಿಂದ ಬಂದ ಗಾಡಿ ಅಂದುಕೊಂಡವರು ಹಳ್ಳಿಯಲ್ಲೂ ಇದ್ದಾರೆ, ಪಟ್ಟಣದಲ್ಲೂ ಇದ್ದಾರೆ. ಅದು ಹಾಗಲ್ಲ. ಚೆಕ್ ನಾಡಿನ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲಿನ ನಕಾಶೆ ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿದ, ಜಾವಾ ಆಯಿತು.

ನಮ್ಮ ನಾಡಿಗೆ ಅದನ್ನು ತಂದವರು ಪಾರ್ಸಿ ಮನೆತನದ ರುಸ್ತುಂ ಇರಾನಿ, ಫಾರುಕ್ ಇರಾನಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರಖಾನೆ ಎದ್ದಿತು. ಜಯಚಾಮರಾಜ ಒಡೆಯರ ಆಶೀರ್ವಾದ ಅದಕ್ಕಿತ್ತು. 1961ರಲ್ಲಿ ಗಾಡಿಗಳು ಹೊರಬಂದವು. ಲೆಕ್ಕ ಹಾಕಿ ನೋಡಿ: ನಿಜಾಮನ ಸಂಸ್ಥಾನದಲ್ಲಿದ್ದು, 1948ರಲ್ಲಿ ಬಿಡುಗಡೆಗೊಂಡು, ಹೈದರಾಬಾದ್ ರಾಜ್ಯದಲ್ಲಿ ಎಂಟು ವರ್ಷ ಕಳೆದು, ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಐದು ವರ್ಷ ಕಳೆಯುವುದರೊಳಗೆ ಮೈಸೂರು ತನ್ನದೇ ಫಟಫಟಿ ಮಾಡಿತು! ರಾಜಧಾನಿ ಬೆಂಗಳೂರು ನಮಗೆ ಆಗಲೂ ದೂರ, ಈಗಲೂ ದೂರ. ಆದರೆ ಮೈಸೂರಿನಿಂದ ಈ ಮೂಲೆಯ ತನಕ ತನ್ನ ಕಾಲ ಮೇಲೆ ಬಂದ ವಸ್ತು ಅಂದರೆ ಈ ಜಾವಾ.

1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅಂತ ಕೆಲವರು. ಚೆಕ್ ಭಾಷೆಯಲ್ಲಿ ‘ಓಡುತ್ತದೆ’ ಎಂಬ ಅರ್ಥವಿರುವ ಶಬ್ದ ಅಂತ ಕೆಲವರು. ಎರಡೂ ಕೂಡಿ ಬಂದಿದ್ದರೆ ಹೆಸರಿಟ್ಟವನ ಜಾಣತನವೇ ಸರಿ. 1978ರಲ್ಲಿ ರೋಡ್‌ಕಿಂಗ್ ಬಂತು. ಹಿಂದೆಯೇ ಜಪಾನಿನ ದಂಡು ಬಂತು. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100, ಯಮಾಹಾದ ಆರ್.ಎಕ್ಸ್. 100. ಲೀಟರಿಗೆ ಎಷ್ಟು ಕೊಡುತ್ತದೆ ಅನ್ನುವ ಪ್ರಶ್ನೆ ಎದುರಾದಾಗ ಯೆಜ್ಡಿ ತಲೆ ತಗ್ಗಿಸಿತು. ಹೊಗೆಯ ಕಾನೂನು ಬಿಗಿಯಾಯಿತು, ಕಾರ್ಮಿಕರ ತಂಟೆ ಸೇರಿತು. 1996ರಲ್ಲಿ ಕಾರಖಾನೆಗೆ ಬೀಗ ಬಿತ್ತು. ಆಮೇಲೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರ್ಕೆಟಿಗೆ ಬಂದವು ಖರೆ. ಆದರೆ ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನ ಗಾಡಿಗಳು. ಹೆಸರು ಒಂದೇ ಅಂತ ಹೊಸ ಶೋರೂಮಿಗೆ ಹೋಗಿ ಹಳೇ ಗಾಡಿಯ ಪಿಸ್ಟನ್ ಕೇಳಿದರೆ ನಗುತ್ತಾರೆ.

ಬಿಚ್ಚುವ ಮೊದಲು

ಹಳೇ ಜಾವಾದ ಎಂಜಿನ್ನು 250 ಸಿ.ಸಿ., ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವು ಇಲ್ಲ, ಕ್ಯಾಮು ಇಲ್ಲ, ಟ್ಯಾಪೆಟ್ ಇಲ್ಲ. ಒಳಗೆ ಆಡುವ ಮುಖ್ಯ ಪುರ್ಜಾ ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡು, ಕ್ರ್ಯಾಂಕು. ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿ ಗೊತ್ತಿರುವ ಒಕ್ಕಲಿಗನ ಮಗನಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ. ಆ ಕಾಲಕ್ಕೆ ಹಳ್ಳಿ ಹಳ್ಳಿಗೂ ಈ ಗಾಡಿ ಹೊಕ್ಕದ್ದು ಇದೇ ಕಾರಣಕ್ಕೆ. ಕೆಟ್ಟರೆ ಮರದ ನೆರಳಲ್ಲೇ ರಿಪೇರಿ.

ಒಂದು ವಿಚಿತ್ರ ಮಾತ್ರ ಹೊಸ ಹುಡುಗರ ತಲೆ ಕೆಡಿಸುತ್ತದೆ. ಕಿಕ್ಕೂ ಅದೇ, ಗೇರೂ ಅದೇ! ಎಡಗಡೆಯ ಒಂದೇ ದಂಡವನ್ನು ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕು. ಗಾಡಿ ಎದ್ದಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಅಷ್ಟೇ ಅಲ್ಲ, ಗೇರಿನ ದಂಡ ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಒಳಗುಂಟು. ಕ್ಲಚ್ ಕೇಬಲ್ ಹರಿದರೂ ಗಾಡಿ ಮನೆ ಮುಟ್ಟುತ್ತಿತ್ತು. ಇಂದು ಲಕ್ಷಗಟ್ಟಲೆ ಕೊಟ್ಟು ತರುವ ಗಾಡಿಯಲ್ಲಿ ಇದಿಲ್ಲ.

ಎಡವುವುದು ಬಿಚ್ಚುವುದರಲ್ಲಿ ಅಲ್ಲ, ಬಿಚ್ಚಿದ್ದನ್ನು ಇಡುವುದರಲ್ಲಿ. ಒಂದು ರವಿವಾರ ಹುರುಪಿನಿಂದ ಎಲ್ಲ ಬಿಚ್ಚಿ ಒಂದೇ ಬುಟ್ಟಿಗೆ ಸುರುವಿದವರ ಗಾಡಿಗಳೇ ಕೊನೆಗೆ ಭಂಗಾರಿಗೆ ಹೋಗುವುದು. ಇದು ಅತಿಶಯೋಕ್ತಿಯಲ್ಲ. ಇಡೀ ಗಾಡಿಯಾಗಿ ನಿಂತ ಗಾಡಿಗೆ ಮರ್ಯಾದೆ ಇರುತ್ತದೆ, ಬುಟ್ಟಿಯಲ್ಲಿ ಬಿದ್ದ ಗಾಡಿ ಬರೇ ಸಾಮಾನು. ಅದಕ್ಕಾಗಿ ಒಂದೊಂದು ಭಾಗಕ್ಕೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಚೀಟಿ. ಎಣ್ಣೆ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಮಿಠಾಯಿ ಡಬ್ಬಿ ಯಾವುದಾದರೂ ಆದೀತು. ಈಗ ಎಲ್ಲರ ಕೈಯಲ್ಲೂ ಮೊಬೈಲು ಅದ. ಪ್ರತಿ ನಟ್ಟು ಸಡಿಲಿಸುವ ಮೊದಲು ಒಂದು ಫೋಟೋ. ವಾಯರಿಂಗಿಗಂತೂ ನಾಲ್ಕು ಕಡೆಯಿಂದ ನಾಲ್ಕು.

ಇನ್ನು ಎಂಜಿನ್ನು ಹಿಡಿದುಕೊಂಡಿದ್ದರೆ? ಹತ್ತಿಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಇದು ಖಾಯಂ ರೋಗ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಿಂದ ಅಂಟಿರುತ್ತದೆ. ಇಲ್ಲಿ ಹುಡುಗರು ಮಾಡುವ ತಪ್ಪು ಒಂದೇ, ಕಿಕ್ಕಿನ ಮೇಲೆ ಹತ್ತಿ ಕುಣಿಯುವುದು. ಕಿಕ್ಕಿನ ಹಲ್ಲು ಮುರಿಯುತ್ತದೆ, ಪಿಸ್ಟನ್ ಅಲುಗುವುದಿಲ್ಲ. ಮಾಡಬೇಕಾದದ್ದು ತಾಳ್ಮೆಯ ಕೆಲಸ. ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಡೀಸೆಲ್ಲು, ಎಣ್ಣೆ ಬೆರೆಸಿ ಸುರಿದು ಬಿಡಬೇಕು. ಮೂರು ದಿನ, ಎಂಟು ದಿನ, ಬೇಕಾದರೆ ಹದಿನೈದು ದಿನ. ನಡುನಡುವೆ ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಮುಂದೆ ಹಿಂದೆ ಮೆಲ್ಲಗೆ ಅಲುಗಿಸಬೇಕು. ಒಂದು ದಿನ ಒಳಗಿನಿಂದ ‘ಕಟ್’ ಅಂತ ಸಣ್ಣ ಸದ್ದು ಬಂದೀತು. ಬಂದರೆ ಮನೆಯವರಿಗೆಲ್ಲ ಚಹ ಕುಡಿಸಲು ಅಡ್ಡಿಯಿಲ್ಲ.

ಬಂದರೂ ಸಿಲಿಂಡರು ಬಿಚ್ಚಿ ನೋಡಲೇಬೇಕು. ಒಳಗೋಡೆಯಲ್ಲಿ ಗೆರೆ ಬಿದ್ದಿದ್ದರೆ ಬೋರು ಮಾಡಿಸಬೇಕು. ಮೂಲ ಅಳತೆ 65 ಮಿಲಿಮೀಟರು. ಕಾಲು ಮಿಲಿಮೀಟರಿನಂತೆ ಏರುವ ಓವರ್‌ಸೈಜು ಪಿಸ್ಟನ್ನು ಸಿಗುತ್ತವೆ. ಮೊದಲು ಪಿಸ್ಟನ್ ತಂದು, ಅದನ್ನು ಕೈಯಲ್ಲಿ ಹಿಡಿದುಕೊಂಡು ಲೇಥಿನವನ ಹತ್ತಿರ ಹೋಗಬೇಕೇ ಹೊರತು, ಬೋರು ಕೊರೆಸಿ ಆಮೇಲೆ ಪಿಸ್ಟನ್ ಹುಡುಕುತ್ತ ಕೂಡಬಾರದು. ಗೋಡೆ ಕಟ್ಟಿ ಬಾಗಿಲು ಹುಡುಕಿದ ಹಾಗೆ ಆದೀತು.

ಹೊಗೆ ಹೇಳುವ ಕಥೆ

ಈ ಎಂಜಿನ್ನಿನ ಒಂದು ಗುಟ್ಟು ಗೊತ್ತಿಲ್ಲದೆ ಸೋತ ಮೇಸ್ತ್ರಿಗಳು ಬಹಳ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ ಮೊದಲು ಹೋಗುವುದು ಕ್ರ್ಯಾಂಕಿನ ಮನೆಗೆ, ಅಲ್ಲಿಂದ ಮೇಲಕ್ಕೆ. ಆದ್ದರಿಂದ ಕ್ರ್ಯಾಂಕಿನ ಮನೆ ಗಾಳಿ ಆಡದಂತೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಎರಡು ತುದಿಗೆ ರಬ್ಬರಿನ ಎಣ್ಣೆ ಸೀಲುಗಳಿವೆ. ಬೆಲೆಯಲ್ಲಿ ಅತ್ಯಂತ ಸಣ್ಣ ಸಾಮಾನು, ಗಾಡಿಯ ಪ್ರಾಣ ಇರುವುದೇ ಅದರಲ್ಲಿ.

ಎಡಗಡೆ ಕ್ಲಚ್ಚಿನ ಬದಿಯ ಸೀಲು ಹೋದರೆ ಎಂಜಿನ್ನು ಗೇರುಪೆಟ್ಟಿಗೆಯ ಎಣ್ಣೆಯನ್ನು ಹೀರಿ ಸುಡುತ್ತದೆ. ಊರಿಗೇ ಸೊಳ್ಳೆ ಓಡಿಸುವಷ್ಟು ಹೊಗೆ! ಗೇರೆಣ್ಣೆ ಹಾಕಿದಷ್ಟೂ ಕಡಿಮೆಯಾಗುತ್ತದೆ, ಕೆಳಗೆ ಮಾತ್ರ ಒಂದು ಹನಿ ಸೋರಿರುವುದಿಲ್ಲ. ಬಲಗಡೆ ಡೈನಮೋ ಬದಿಯದು ಹೋದರೆ ಅಲ್ಲಿಂದ ಬರೇ ಗಾಳಿ ಹೀರುತ್ತದೆ. ಆಗ ಹೊಗೆ ಇಲ್ಲ. ಎಂಜಿನ್ನು ನಿಂತಲ್ಲಿ ನಿಲ್ಲದೆ ತಾನೇ ಏರುತ್ತದೆ, ಕಾಯುತ್ತದೆ, ಒಂದು ದಿನ ನಡುದಾರಿಯಲ್ಲಿ ಹಿಡಿದುಕೊಳ್ಳುತ್ತದೆ. ಇದನ್ನರಿಯದೆ ಕಾರ್ಬ್ಯುರೇಟರಿನ ಸ್ಕ್ರೂ ತಿರುವುತ್ತ ಕೂಡುವವರು ಜ್ವರ ಬಂದವನ ಅಂಗಿ ಬದಲಿಸುವವರು. ನಿಂತು ಒಣಗಿದ ಗಾಡಿಯಲ್ಲಿ ಎರಡೂ ಸೀಲು ಕಣ್ಣು ಮುಚ್ಚಿಕೊಂಡು ಬದಲಿಸಬೇಕು. ‘ನೋಡೋಣ, ನಡೀತದ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕನೆಕ್ಟಿಂಗ್ ರಾಡು ಸಡಿಲಾಗಿದ್ದರೆ ಮಾತ್ರ ಹಿತ್ತಲ ಕೆಲಸ ಮುಗಿಯಿತು. ಈ ಕ್ರ್ಯಾಂಕು ಒತ್ತಿ ಕೂಡಿಸಿದ್ದು. ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡು ಹಾಕಿ, ಎರಡೂ ಬದಿ ಸಮಕ್ಕೆ ಬರುವಂತೆ ಡಯಲ್ ಗೇಜಿಟ್ಟು ನೋಡಿ ಕೂಡಿಸಬೇಕು. ಸುತ್ತಿಗೆಯಿಂದ ಬಡಿದು ಕೂಡಿಸುವ ಧೈರ್ಯವಂತರೂ ಇದ್ದಾರೆ. ಅವರ ಗಾಡಿಯ ಮೇಲೆ ಕೂತರೆ ಹ್ಯಾಂಡಲು ನಡುಗಿ ಕೈ ಜೋಮು ಹಿಡಿಯುತ್ತದೆ. ಅದೃಷ್ಟಕ್ಕೆ ಹುಮನಾಬಾದ ಇರುವುದೇ ಹೈದರಾಬಾದ-ಸೋಲಾಪುರ ಹೆದ್ದಾರಿಯ ಮೇಲೆ. ಒಂದು ದಿಕ್ಕಿಗೆ ಸೋಲಾಪುರ, ಇನ್ನೊಂದು ದಿಕ್ಕಿಗೆ ಹೈದರಾಬಾದ. ಕ್ರ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿದರೆ ಕೆಲಸವಾಗುತ್ತದೆ. ಕ್ರೋಮು ಲೇಪಕ್ಕೂ ಅದೇ ದಾರಿ.

ಪುರ್ಜಾದ ಮಾತು ಚಿಕ್ಕದು. ಸಿಗುತ್ತವೆ. ಸಿಗುವುದರಲ್ಲಿ ಹೆಚ್ಚಿನವು ನಕಲು. ರಬ್ಬರು, ಕೇಬಲ್ಲು ನಕಲಿಯಾದರೂ ಸಾಗೀತು. ಗೇರು, ಪಿಸ್ಟನ್, ಬೇರಿಂಗು ನಕಲಿ ಹಾಕಬಾರದು. ಸವೆದಿದ್ದರೂ ಅಸಲಿ ಗೇರು ನಕಲಿ ಹೊಸದಕ್ಕಿಂತ ಹೆಚ್ಚು ಬಾಳುತ್ತದೆ ಅನ್ನುವುದು ಹಳೇ ಮೇಸ್ತ್ರಿಗಳ ಮಾತು, ಅದರಲ್ಲಿ ಸತ್ಯವುಂಟು.

ಟಾಕಿ, ಹುಣಸೆಹಣ್ಣು ಮತ್ತು ಒಂದು ಎಚ್ಚರಿಕೆ

ಪೆಟ್ರೋಲ್ ಟಾಕಿಯ ಒಳಗಿನ ತುಕ್ಕು ತೆಗೆಯಲು ಪೇಟೆಯಲ್ಲಿ ಬಣ್ಣಬಣ್ಣದ ಬಾಟ್ಲಿಗಳು ಬಂದಿವೆ. ನಮ್ಮ ಅವ್ವಂದಿರು ಹಿತ್ತಾಳೆ ಕೊಡ ಬೆಳಗುವ ಹುಣಸೆಹುಳಿಯೇ ಇದಕ್ಕೂ ಸಾಕು. ಮೊದಲು ಒಂದು ಹಿಡಿ ಹಳೇ ನಟ್ಟುಗಳನ್ನೋ, ಒಂದು ತುಂಡು ಸರಪಳಿಯನ್ನೋ ಒಳಗೆ ಹಾಕಿ ಗಿಲಕಿಯ ಹಾಗೆ ಅಲುಗಿಸಿ ಸಡಿಲಾದದ್ದನ್ನು ಹೊರಗೆ ಸುರುವಬೇಕು. ಆಮೇಲೆ ಹುಳಿನೀರು ತುಂಬಿ ಎರಡು ಮೂರು ದಿನ ಬಿಡಬೇಕು. ಆಮ್ಲ ಮೃದುವಾದದ್ದು, ನಿಧಾನ. ಆದರೆ ತಗಡನ್ನು ತಿನ್ನುವುದಿಲ್ಲ. ಕೊನೆಗೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಡಮಾಡದೆ ಎಣ್ಣೆ ಸವರಬೇಕು. ಒಂದು ರಾತ್ರಿ ಬಿಟ್ಟರೂ ತುಕ್ಕು ಮತ್ತೆ ಹಾಜರ್. ಪಾಯಖಾನೆ ತೊಳೆಯುವ ಆಸಿಡ್ ಸುರಿದು ಟಾಕಿಯನ್ನೇ ಜಾಲರಿ ಮಾಡಿಕೊಂಡವರ ಉದಾಹರಣೆ ಬೇಕಷ್ಟಿವೆ.

ಇನ್ನೊಂದು ಮಾತು ದಪ್ಪಕ್ಷರದಲ್ಲಿ ಬರೆಯಬೇಕಾದದ್ದು. ತೂತಾದ ಟಾಕಿಯನ್ನು ವೆಲ್ಡಿಂಗಿಗೆ ಕೊಡುವಾಗ ‘ಖಾಲಿ ಅದ’ ಅಂದರೆ ಸಾಲದು. ಖಾಲಿ ಟಾಕಿಯಲ್ಲೇ ಪೆಟ್ರೋಲಿನ ಆವಿ ಇರುತ್ತದೆ, ಸಿಡಿಯುವುದು ಅದೇ. ವರ್ಷಗಟ್ಟಲೆ ಒಣಗಿ ಬಿದ್ದ ಟಾಕಿಯಲ್ಲೂ ಹಳೇ ಪೆಟ್ರೋಲಿನ ಜಿಗುಟು ಕಾಯಿಸಿದಾಗ ಆವಿಯಾಗುತ್ತದೆ. ಬಿಸಿನೀರು, ಸಾಬೂನಿನಲ್ಲಿ ಮತ್ತೆ ಮತ್ತೆ ತೊಳೆದು, ಬಾಯಿತನಕ ನೀರು ತುಂಬಿ, ಬೆಸೆಯುವ ಜಾಗವಷ್ಟನ್ನೇ ಬರಿದಾಗಿಟ್ಟುಕೊಂಡು ಕೆಲಸ ಮಾಡುವುದು ಬಲ್ಲವನಿಗೇ ಕೊಡಬೇಕು. ಒಂದು ಟಾಕಿಗಾಗಿ ಕಣ್ಣು ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ಬಣ್ಣದ ವಿಷಯದಲ್ಲಿ ನಮ್ಮ ಭಾಗಕ್ಕೆ ಕೊರತೆಯೇ ಇಲ್ಲ. ಹಳೇ ಜಾವಾದ ಕಡುಗೆಂಪು ಮೈ, ಅದರ ಮೇಲೆ ಎಳೆದ ಹೊನ್ನಿನ ಗೆರೆ ಕೈಯಿಂದಲೇ ಎಳೆಯಬೇಕಾದದ್ದು. ಸ್ಟಿಕ್ಕರು ಅಂಟಿಸಿದರೆ ಸೀರೆಯುಟ್ಟವಳಿಗೆ ಪ್ಲಾಸ್ಟಿಕ್ ಹೂ ಮುಡಿಸಿದ ಹಾಗೆ. ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳ ಅನ್ನವನ್ನು ಫ್ಲೆಕ್ಸು ಕಸಿದುಕೊಂಡಿತು. ಆದರೆ ಹೆದ್ದಾರಿಯ ಲಾರಿಗಳು ಇರುವ ತನಕ ಅವುಗಳ ಹಿಂದೆ ಹೂಬಳ್ಳಿ ಬರೆಯುವ ಕೈಗಳು ಪೂರ್ತಿ ಸಾಯುವುದಿಲ್ಲ. ಬಿದರಿ ಹೂಜಿಯ ಮೈಮೇಲೆ ಬೆಳ್ಳಿತಂತಿ ಕೂಡಿಸುವ ಜಿಲ್ಲೆಯಲ್ಲಿ ಒಂದು ಟಾಕಿಗೆ ನೇರ ಗೆರೆ ಎಳೆಯುವವನು ಸಿಗಲಿಲ್ಲ ಅಂದರೆ ಹುಡುಕಿದವನದೇ ತಪ್ಪು.

ವಾಯರಿಂಗು 6 ವೋಲ್ಟಿನದು. ರಾತ್ರಿ ದೀಪ ಹಚ್ಚಿದರೆ ದಾರಿ ಕಾಣುವುದಕ್ಕಿಂತ ದೀಪ ಹತ್ತಿದೆ ಅಂತ ಗೊತ್ತಾಗುವಷ್ಟೇ ಬೆಳಕು. ಹಾಗಾಗಿ 12 ವೋಲ್ಟಿಗೆ ಬದಲಿಸುವವರೇ ಹೆಚ್ಚು. ಶುದ್ಧಿ ಮಡಿಯವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಷೋಕೇಸಿನಲ್ಲಿಡುವ ಗಾಡಿಗೆ ಅವರ ಮಾತು ಸರಿ. ಕತ್ತಲಾದ ಮೇಲೆ ಹೊಲದಿಂದ ಬರುವವನಿಗೆ, ಎದುರಿಗೆ ದೀಪವಿಲ್ಲದ ಕಬ್ಬಿನ ಟ್ರಾಲಿ ನಿಂತಿರುವ ರಸ್ತೆಯಲ್ಲಿ, ಶುದ್ಧಿಗಿಂತ ಜೀವ ದೊಡ್ಡದು.

ಕಬ್ಬಿನ ಜಿಲ್ಲೆಗೆ ಕಬ್ಬೇ ಕಂಟಕ

ಕಬ್ಬಿನ ಮಾತು ಬಂತು. ಹಳೇ ಗಾಡಿಗೆ ಇಂದು ಬಂದಿರುವ ಹೊಸ ಪೀಡೆ ಪೆಟ್ರೋಲಿನ ಒಳಗೇ ಇದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2022ರಲ್ಲಿ ನೂರಕ್ಕೆ 10 ಮುಟ್ಟಿತು, 2025ರಲ್ಲಿ 20 ಮುಟ್ಟಿತು. ಆ ಎಥನಾಲಿನ ಒಂದು ದೊಡ್ಡ ಪಾಲು ಬರುವುದು ಕಬ್ಬಿನಿಂದ. ಬೀದರ್ ಜಿಲ್ಲೆಯ ರೈತನಿಗೆ ಅದು ಬೇಡ ಅನ್ನುವಂತಿಲ್ಲ, ಕಬ್ಬಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಯಾರಿಗೆ ಬೇಡ? ಆದರೆ ಅದೇ ರೈತನ ಅಪ್ಪನ ಜಾವಾಕ್ಕೆ ಇದು ಒಗ್ಗುವುದಿಲ್ಲ. 1960-70ರ ಕಾಲದ ರಬ್ಬರು, ಕಾರ್ಕು, ವಾಷರು ಎಥನಾಲಿಗೆ ಉಬ್ಬುತ್ತವೆ, ಒಡೆಯುತ್ತವೆ. ಕಾಕು ಸೋರಲು ಶುರುವಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ನೀರಿನದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಟಾಕಿ ಅರೆ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು, ಎಥನಾಲು ಕೂಡಿ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕಿಗೆ ಎಣ್ಣೆ ಕೊಡುವುದು ಪೆಟ್ರೋಲಿನಲ್ಲೇ ಬೆರೆಸಿ, ಲೀಟರಿಗೆ 40ರಿಂದ 50 ಮಿಲಿಲೀಟರು. ತಳಕ್ಕಿಳಿದ ನೀರಿನ ಪದರದಲ್ಲಿ ಆ ಎಣ್ಣೆ ಇರುವುದಿಲ್ಲ. ಕಾಕು ತೆರೆದೊಡನೆ ಎಂಜಿನ್ನಿಗೆ ಮೊದಲು ಹೋಗುವುದೇ ಅದು. ಎಣ್ಣೆಯಿಲ್ಲದೆ ತಿರುಗಿದ ಎಂಜಿನ್ನು ಎಷ್ಟು ಹೊತ್ತು ಬಾಳೀತು? ಎಂಟು ತಿಂಗಳ ದುಡಿಮೆ ಎಂಟು ನಿಮಿಷದಲ್ಲಿ ಮಣ್ಣುಪಾಲು. ಉಪಾಯ ಕಠಿಣವೇನಲ್ಲ. ಕಾಕಿನ ವಾಷರು, ಪೆಟ್ರೋಲ್ ಪೈಪು ಹೊಸ ಕಾಲದ ರಬ್ಬರಿನದು ಹಾಕುವುದು. ಓಡಿಸುವಷ್ಟೇ ಪೆಟ್ರೋಲು ಹಾಕುವುದು. ನಿಲ್ಲಿಸುವುದಿದ್ದರೆ ಟಾಕಿ, ಕಾರ್ಬ್ಯುರೇಟರು ಎರಡೂ ಬರಿದು ಮಾಡಿ ಇಡುವುದು.

ಪೆಟ್ರೋಲಿನ ಮಾತಾಡುವಾಗ ಹೊಗೆಯ ಮಾತು ಮುಚ್ಚಿಡುವುದು ನ್ಯಾಯವಲ್ಲ. ಟೂ ಸ್ಟ್ರೋಕ್ ಎಂಜಿನ್ನು ಸುಡದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗೆ ಉಗುಳುತ್ತದೆ, ಅದು ಎಷ್ಟೇ ಪ್ರೀತಿಯ ಗಾಡಿಯಾದರೂ ಸರಿ. ದಿನಕ್ಕೆ ನಾಲ್ಕು ಸಲ ಪೇಟೆಗೆ ಓಡಾಡಲು ಇದು ಈಗಿನ ಗಾಡಿಯಲ್ಲ. ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ, ಮಾಣಿಕನಗರದ ಜಾತ್ರೆಗೊಮ್ಮೆ ಸಾಕು. ಜುಲೈ ತಿಂಗಳ ಎರಡನೇ ರವಿವಾರ ಜಾವಾ-ಯೆಜ್ಡಿ ಪ್ರಿಯರು ಊರೂರಲ್ಲಿ ಕೂಡುವ ರೂಢಿಯಿದೆ, ಅದಕ್ಕೊಮ್ಮೆ ಹೋಗಲಿ.

ಗಾಡಿ ಎದ್ದಿತು, ಕಾಗದ ಎಲ್ಲಿ?

ಈಗ ಪಾನಾ ಹಿಡಿಯಲು ಬಾರದ ಆ ಕೆಲಸಕ್ಕೆ ಬರುವಾ. ಎಂಜಿನ್ನು ಹಿಡಿದದ್ದಕ್ಕಿಂತ ಕಾಗದ ಹಿಡಿದದ್ದೇ ಬಿಡಿಸಲು ಕಷ್ಟ.

ಹಿತ್ತಲಲ್ಲಿ ನಿಂತ ಗಾಡಿಗಳ ಆರ್.ಸಿ. ಪುಸ್ತಕ ಬಹುಪಾಲು ತೀರಿಹೋದ ತಂದೆಯ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇರುತ್ತದೆ. ಟ್ರಂಕಿನ ತಳದಲ್ಲಿ, ಹೊಲದ ಪಹಣಿಯ ಜೊತೆ ಮಡಚಿಟ್ಟದ್ದು, ಇಲಿ ಕಡಿದು ಅರ್ಧ ಉಳಿದದ್ದು. ಕೆಲವದರಲ್ಲಿ ‘ಕೆ.ಎ.’ ಸರಣಿ ಬರುವುದಕ್ಕೂ ಹಿಂದಿನ ನಂಬರು. ಕಾನೂನಿನ ಪ್ರಕಾರ ಮಾಲೀಕ ತೀರಿಕೊಂಡ 30 ದಿನದೊಳಗೆ ವಾರಸುದಾರ ನೋಂದಣಿ ಕಚೇರಿಗೆ ತಿಳಿಸಬೇಕು, 3 ತಿಂಗಳೊಳಗೆ ನಮೂನೆ 31ರಲ್ಲಿ ತನ್ನ ಹೆಸರಿಗೆ ವರ್ಗ ಮಾಡಿಸಿಕೊಳ್ಳಬೇಕು. ತಂದೆಯ ತಿಥಿ ಕಾರ್ಯದ ದುಃಖದಲ್ಲಿ ಫಟಫಟಿಯ ನಮೂನೆ 31 ನೆನಪಾದ ಮಗ ಈ ತಾಲ್ಲೂಕಿನಲ್ಲಿ ಎಷ್ಟು ಮಂದಿ ಇದ್ದಾರು?

ವರ್ಷಗಳಾದ ಮೇಲೆ ಹೋದರೆ ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಒಬ್ಬ ತಮ್ಮ ಹೈದರಾಬಾದಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ, ತಂಗಿ ಲಾತೂರಿನಲ್ಲಿ ಕೊಟ್ಟದ್ದು. ಹೊಲದ ಪಾಲಿನ ತಕರಾರು ಒಂದಿದ್ದರಂತೂ ಮುಗಿಯಿತು. ಯಾರಿಗೂ ಬೇಡವಾಗಿ ಇಪ್ಪತ್ತು ವರ್ಷ ಕೋಳಿಗೂಡಾಗಿದ್ದ ಗಾಡಿ ಬಣ್ಣ ಬಳಿದುಕೊಂಡು ಅಂಗಳಕ್ಕೆ ಬಂದ ದಿನವೇ ಎಲ್ಲರಿಗೂ ‘ನಮ್ಮಪ್ಪನ ಗಾಡಿ’ ಆಗುತ್ತದೆ! ಬಿಚ್ಚುವ ಮೊದಲೇ ಅಣ್ಣ ತಮ್ಮಂದಿರ ಸಹಿ ಹಾಕಿಸಿಕೊಳ್ಳುವುದು ಜಾಣತನ.

ಆಮೇಲೆ ನವೀಕರಣ. ನೋಂದಣಿಗೆ 15 ವರ್ಷ ಆಯುಷ್ಯ, ಆ ಮೇಲೆ ಐದೈದು ವರ್ಷಕ್ಕೆ ನಮೂನೆ 25ರಲ್ಲಿ ನವೀಕರಣ, ಗಾಡಿಯನ್ನು ಕಚೇರಿಗೆ ಒಯ್ದು ತೋರಿಸಬೇಕು. ಮೋಟಾರು ಸೈಕಲ್ಲಿಗೆ ಇದರ ಶುಲ್ಕ ಮೊದಲು 300 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 1,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಮೋಟಾರು ಸೈಕಲ್ಲಿಗೆ 2,000 ಅಂತ ಪ್ರಕಟಣೆ ಹೊರಬಿತ್ತು. ಅದಾದರೂ ಕೊಡಬಹುದು ಅನ್ನೋಣ. ತಡಮಾಡಿದ್ದಕ್ಕೆ ತಿಂಗಳಿಗೆ 300 ರೂಪಾಯಿ ದಂಡದ ನಿಯಮವೂ 2022ರಿಂದ ಬಂದಿದೆ. ವರ್ಷಕ್ಕೆ 3,600! ಕೊಟ್ಟಿಗೆಯಲ್ಲಿ ಒಂದಡಿಯೂ ಓಡದೆ ನಿಂತ ಗಾಡಿಗೂ ಇದೇ ಲೆಕ್ಕ ಹಾಕಿದರೆ ಭಂಗಾರಿನವನ ತಕ್ಕಡಿಯೇ ಮೇಲು ಅನ್ನಿಸುವುದು ಸಹಜ.

50 ವರ್ಷ ದಾಟಿದ ಗಾಡಿಗೆ ಬೇರೆ ಬಾಗಿಲೊಂದಿದೆ. 2021ರಲ್ಲಿ ಕೇಂದ್ರ ಸರಕಾರ ‘ವಿಂಟೇಜ್’ ಗಾಡಿಗಳಿಗೆಂದೇ ನಿಯಮ ಮಾಡಿ, ನಂಬರಿನಲ್ಲಿ ‘ವಿ.ಎ.’ ಅಕ್ಷರ ಸೇರಿಸಿತು. 1975ರ ಗಾಡಿಗೂ ಈಗ 50 ತುಂಬಿದೆ, ಅಂದರೆ ಮೈಸೂರಿನ ಮೊದಲ ಹದಿನೈದು ವರ್ಷದ ಜಾವಾಗಳೆಲ್ಲ ಇದಕ್ಕೆ ಅರ್ಹ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಬಾಳಿಕೆ 10 ವರ್ಷ, ಮರುನೋಂದಣಿಗೆ 5,000. ಆದರೆ ಆ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಷ್ಟಕ್ಕೆ ಮಾತ್ರ. ಹತ್ತು ಕಾರು ಇಟ್ಟುಕೊಂಡ ಸಾಹುಕಾರನಿಗೆ ಇದು ಒಪ್ಪೀತು. ಹೊಲಕ್ಕೆ ಒಂದು ಸುತ್ತು ಹೋಗಿಬರುವ ಘಾಟಬೋರಾಳದ ರೈತನಿಗೆ ಸಾಮಾನ್ಯ ನವೀಕರಣದ ದಾರಿಯೇ ಗತಿ.

ಎರಡು ಎಚ್ಚರಿಕೆ ಇಲ್ಲೇ ಹೇಳಬೇಕು. ಒಂದು, ಚಾಸಿ ನಂಬರು, ಎಂಜಿನ್ ನಂಬರು. ತುಕ್ಕು ಉಜ್ಜುವ ಭರದಲ್ಲಿ, ಪುಟ್ಟಿ ಮೆತ್ತುವ ಭರದಲ್ಲಿ ಆ ಅಂಕಿಗಳು ಅಳಿದರೆ ಗಾಡಿಗೆ ಗುರುತೇ ಇಲ್ಲ. ಕಳ್ಳ ಮಾಲಿಗೂ ಅದಕ್ಕೂ ಪೊಲೀಸರ ಕಣ್ಣಿಗೆ ಫರಕಿಲ್ಲ. ಸಂತೆಯಲ್ಲಿ ಸೋವಿಗೆ ಸಿಕ್ಕಿತು ಅಂತ ಬೇರೆ ಎಂಜಿನ್ನು ತಂದು ಕೂಡಿಸಿದರೂ ಆರ್.ಸಿ.ಗೆ ತಾಳೆಯಾಗುವುದಿಲ್ಲ. ಎರಡು, ಭಂಗಾರಿಗೆ ಕೊಟ್ಟವರಿಗೆ. ಗಾಡಿ ತೂಕಕ್ಕೆ ಹೋದರೂ ಹೆಸರು ಹೋಗುವುದಿಲ್ಲ. ಗಾಡಿ ನಾಶವಾದರೆ 14 ದಿನದೊಳಗೆ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಲ್ಲದಿದ್ದರೆ ಆ ನಂಬರಿನ ತಗಡು ಬೇರೆ ಯಾವುದೋ ಗಾಡಿಯ ಮೇಲೆ ಕೂತು ಎಲ್ಲೋ ಅಪಘಾತ ಮಾಡಿದ ದಿನ ನೋಟೀಸು ಬರುವುದು ಹಳೇ ವಿಳಾಸಕ್ಕೇ.

ಇಷ್ಟೆಲ್ಲ ಹಳ್ಳಿಯವನು ತಾನೇ ಓದಿ ತಿಳಿಯಬೇಕು, ಮೊಬೈಲಿನಲ್ಲಿ ಅರ್ಜಿ ತುಂಬಬೇಕು, ಓಡಿಸಲು ಕಾನೂನಿಲ್ಲದ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಕಚೇರಿಯ ತನಕ ಒಯ್ಯಬೇಕು. ಟೆಂಪೋ ಬಾಡಿಗೆ ಬೇರೆ, ಮಧ್ಯವರ್ತಿಯ ಬಾಯಿ ಬೇರೆ. ಕಂದಾಯದ ಅದಾಲತು ಹೋಬಳಿಗೆ ಬಂದದ್ದುಂಟು, ಕಣ್ಣಿನ ಶಿಬಿರ ಶಾಲೆಯ ಅಂಗಳದಲ್ಲಿ ನಡೆದದ್ದುಂಟು. ವರ್ಷಕ್ಕೆ ಒಂದೇ ಒಂದು ದಿನ, ಸುಗ್ಗಿ ಮುಗಿದ ಮೇಲೆ, ಹುಮನಾಬಾದದಲ್ಲೋ ಬಸವಕಲ್ಯಾಣದಲ್ಲೋ ಹಳೇ ಗಾಡಿಗಳ ವಾರಸಾ ವರ್ಗ ಮತ್ತು ನವೀಕರಣದ ಶಿಬಿರ ನಡೆಸಿ, ಇನ್‌ಸ್ಪೆಕ್ಟರ ಸಾಹೇಬರು ಅಲ್ಲೇ ಗಾಡಿ ನೋಡಿ ಸಹಿ ಹಾಕಲು ಏನು ಅಡ್ಡಿ? ಓಡದೆ ನಿಂತ ಅವಧಿಯ ದಂಡದ ವಿಷಯವನ್ನು ಜಿಲ್ಲೆಯ ಶಾಸಕರು, ಸಂಸದರು ಮೇಲಿನವರ ಕಿವಿಗೆ ಹಾಕಲು ಏನು ಅಡ್ಡಿ? ಸಾರಿಗೆ ಇಲಾಖೆಯವರು ಉತ್ತರ ಹೇಳಲಿ.

ಅಲ್ಲಿಯ ತನಕ ಮಾಡಬಹುದಾದದ್ದು ಇಷ್ಟು: ಟ್ರಂಕು ತೆಗೆದು ಆರ್.ಸಿ. ಪುಸ್ತಕ ಹುಡುಕಿಡಿ. ಸಿಕ್ಕರೆ ನೀರು ತಾಗದ ಚೀಲಕ್ಕೆ ಹಾಕಿ. ಸಿಗದಿದ್ದರೆ ಪೊಲೀಸ್ ಠಾಣೆಗೆ ತಿಳಿಸಿ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಿ. ಮತ್ತೆ ಪ್ಲಗ್ಗಿನ ತೂತಿಗೆ ಈ ರವಿವಾರವೇ ನಾಲ್ಕು ಚಮಚೆ ಎಣ್ಣೆ ಬಿಡಿ.